ಮರ್ಜ್ ಆದ ಮೇಲೆ ಫಿಕ್ಸ್ ಮಾಯ, ಗಿಟ್ ಲಾಗ್‌ನಲ್ಲೂ ಸುಳಿವಿಲ್ಲ

ಪ್ರಶ್ನೆ

ನಮ್ಮ ಕೋಡ್ ಗಿಟ್‌ನಲ್ಲಿದೆ (ಫೈಲುಗಳ ಬದಲಾವಣೆಗಳ ಇತಿಹಾಸ ಇಡುವ ಸಾಧನ). ಬಿಲ್.ಪೈ ಫೈಲಿನಲ್ಲಿ ಪೈಸೆ ರೌಂಡ್ ಮಾಡುವ ಲೆಕ್ಕ ತಪ್ಪಿತ್ತು. ಅದನ್ನು ಸರಿಮಾಡಿದ ಕಮಿಟ್ (ದಾಖಲಾದ ಬದಲಾವಣೆ) ಮೇನ್ ಬ್ರಾಂಚ್ (ಕೋಡ್‌ನ ಮುಖ್ಯ ಕವಲು) ಸೇರಿ ಮೂರು ವಾರವಾಯಿತು. ಆಮೇಲೆ ರಿಪೋರ್ಟ್ ಎಂಬ ಹಳೆಯ ಬ್ರಾಂಚನ್ನು ಮೇನ್‌ಗೆ ಮರ್ಜ್ ಮಾಡಿದೆವು (ಸೇರಿಸಿದೆವು), ಒಂದೂ ಕಾನ್‌ಫ್ಲಿಕ್ಟ್ (ಒಂದೇ ಸಾಲನ್ನು ಎರಡು ಕಡೆ ಬೇರೆಬೇರೆಯಾಗಿ ಬದಲಿಸಿದ ತಿಕ್ಕಾಟ) ಬರಲಿಲ್ಲ. ಈಗ ನೋಡಿದರೆ ಫೈಲಿನಲ್ಲಿ ಹಳೆಯ ತಪ್ಪು ಲೆಕ್ಕವೇ ಕೂತಿದೆ. `ಗಿಟ್ ಲಾಗ್ -ಪಿ ಬಿಲ್.ಪೈ` ಕೊಟ್ಟರೆ ಫಿಕ್ಸ್ ತೆಗೆದ ಕಮಿಟ್ ಸಿಗುವುದಿಲ್ಲ. ಫಿಕ್ಸ್ ಮಾಡಿದ ಕಮಿಟ್ ಕೂಡ ಅಲ್ಲಿಲ್ಲ! ಆದರೆ `ಗಿಟ್ ಬ್ರಾಂಚ್ --ಕಂಟೇನ್ಸ್` ಕೇಳಿದರೆ ಆ ಕಮಿಟ್ ಮೇನ್‌ನಲ್ಲಿದೆ ಅನ್ನುತ್ತದೆ. ಯಾರೂ ಫೋರ್ಸ್ ಪುಶ್ (ಸರ್ವರಿನ ಇತಿಹಾಸವನ್ನು ಬಲವಂತವಾಗಿ ಬದಲಿಸುವುದು) ಮಾಡಿಲ್ಲ. ಎಲ್ಲಿ ಹುಡುಕಬೇಕು?

ಉತ್ತರ 1

ಇದು ಒಂದಲ್ಲ, ಎರಡು ಮರ್ಜ್‌ಗಳ ಕೆಲಸ. ರಿಪೋರ್ಟ್ ಬ್ರಾಂಚಿಗೆ ಮೊದಲು ಯಾರೋ ಮೇನ್ ಅನ್ನು ಎಳೆದುಕೊಂಡಿರುತ್ತಾರೆ (ಎಂ1 ಅನ್ನೋಣ). ಆಗ ಬಿಲ್.ಪೈನಲ್ಲಿ ಕಾನ್‌ಫ್ಲಿಕ್ಟ್ ಬಂದು, ತಮ್ಮ ಕಡೆಯ ಫೈಲನ್ನೇ ಇಡಿಯಾಗಿ ಉಳಿಸಿಕೊಂಡಿದ್ದಾರೆ. ನಂತರ ರಿಪೋರ್ಟ್ ಮೇನ್‌ಗೆ ಬಂದಾಗ (ಎಂ2) ಗಿಟ್‌ನ ದೃಷ್ಟಿಯಲ್ಲಿ ಮೇನ್‌ನ ಫಿಕ್ಸ್ ಆಗಲೇ ರಿಪೋರ್ಟ್‌ಗೆ ಸೇರಿಹೋಗಿದೆ, ಮತ್ತು ರಿಪೋರ್ಟ್ ಅದನ್ನು ಬೇಕೆಂದೇ ಬದಲಿಸಿದೆ. ಹಾಗಾಗಿ ರಿಪೋರ್ಟ್‌ನ ಫೈಲನ್ನು ಸದ್ದಿಲ್ಲದೆ ತೆಗೆದುಕೊಳ್ಳುತ್ತದೆ.

ಲಾಗ್ ಏಕೆ ತೋರಿಸುವುದಿಲ್ಲ? ಫೈಲಿನ ಹೆಸರು ಕೊಟ್ಟಾಗ ಗಿಟ್ ಇತಿಹಾಸವನ್ನು ಸರಳ ಮಾಡುತ್ತದೆ. ಮರ್ಜ್‌ನ ಫಲಿತಾಂಶ ಒಬ್ಬ ಪೇರೆಂಟ್‌ನ (ಮರ್ಜ್ ಆದ ಎರಡು ಕಡೆಗಳಲ್ಲಿ ಒಂದರ ಕೊನೆಯ ಕಮಿಟ್) ಫೈಲಿಗೆ ಅಕ್ಷರಶಃ ಸಮನಾಗಿದ್ದರೆ ಆ ದಾರಿಯನ್ನಷ್ಟೇ ಹಿಡಿದು ಹೋಗುತ್ತದೆ. ಎಂ2ರಲ್ಲಿ ರಿಪೋರ್ಟ್ ದಾರಿ, ಎಂ1ರಲ್ಲೂ ರಿಪೋರ್ಟ್ ದಾರಿ. ಫಿಕ್ಸ್ ಇರುವ ಕವಲಿಗೆ ಕಾಲೇ ಇಡುವುದಿಲ್ಲ.

ಹೀಗೆ ಹುಡುಕಿ:

`ಗಿಟ್ ಲಾಗ್ --ಒನ್‌ಲೈನ್ --ಫುಲ್-ಹಿಸ್ಟರಿ -ಎಂ -ಎಸ್'ರೌಂಡ್_ಪೈಸೆ' -- ಬಿಲ್.ಪೈ`

ಇಲ್ಲಿ ಎಸ್ ದೊಡ್ಡಕ್ಷರ, ಎಂ ಚಿಕ್ಕಕ್ಷರ. ಕೋಟ್ ಒಳಗೆ ಫಿಕ್ಸ್‌ನಲ್ಲಿ ಮಾತ್ರ ಇದ್ದ ಪದ ಬರಲಿ. -ಎಂ ಬಿಟ್ಟರೆ ಮರ್ಜ್ ಕಮಿಟ್‌ಗಳ ಡಿಫ್ (ಏನು ಬದಲಾಯಿತು ಎಂಬ ಪಟ್ಟಿ) ಅನ್ನೇ ನೋಡುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ.

ಉತ್ತರ 2

ಮೇಲಿನದು ಸರಿ. ಎಂ1 ಸಿಕ್ಕಮೇಲೆ ಬರೀ `ಗಿಟ್ ಶೋ ಎಂ1` ನಂಬಬೇಡಿ. ಅದು ಎರಡೂ ಪೇರೆಂಟ್‌ಗಿಂತ ಬೇರೆಯಾದ ಫೈಲುಗಳನ್ನಷ್ಟೇ ತೋರಿಸುತ್ತದೆ. ಒಂದು ಕಡೆಯದನ್ನು ಇಡಿಯಾಗಿ ತೆಗೆದುಕೊಂಡಿದ್ದರೆ ಖಾಲಿ. ಗಿಟ್ 2.35 ಅಥವಾ ಅದಕ್ಕಿಂತ ಹೊಸದಿದ್ದರೆ:

`ಗಿಟ್ ಶೋ --ರೀಮರ್ಜ್-ಡಿಫ್ --ಸ್ಟ್ಯಾಟ್ ಎಂ1`

ಇದು ಮರ್ಜ್ ಅನ್ನು ಮತ್ತೆ ಮಾಡಿ ನೋಡಿ, ಮನುಷ್ಯರ ಕೈ ಎಲ್ಲೆಲ್ಲಿ ಆಡಿದೆ ಅಂತ ಹೇಳುತ್ತದೆ. ಎಂ2ಕ್ಕೂ ಓಡಿಸಿ, ಏನೂ ಬರುವುದಿಲ್ಲ. ಅಂದರೆ ಎಂ2 ಮಾಡಿದವರ ತಪ್ಪಿಲ್ಲ, ದಯವಿಟ್ಟು ಅವರನ್ನು ದೂರಬೇಡಿ. ಎಂ1ರಲ್ಲಿ ಬೇರೆ ಫೈಲುಗಳೂ ಕಾಣಿಸಿದರೆ ಅವನ್ನೂ ಒಂದೊಂದಾಗಿ ನೋಡಿ.

ರಿಪೇರಿಗೆ ಫಿಕ್ಸ್ ಬ್ರಾಂಚನ್ನು ಮತ್ತೆ ಮರ್ಜ್ ಮಾಡಲು ಹೋದರೆ 'ಆಲ್‌ರೆಡಿ ಅಪ್ ಟು ಡೇಟ್' ಅಂದು ಸುಮ್ಮನಾಗುತ್ತದೆ. `ಗಿಟ್ ಚೆರಿ-ಪಿಕ್ -ಎಕ್ಸ್` (ಒಂದು ಕಮಿಟ್‌ನ ಬದಲಾವಣೆಯನ್ನಷ್ಟೇ ಮತ್ತೆ ಹಾಕುತ್ತದೆ; ಎಕ್ಸ್ ಚಿಕ್ಕಕ್ಷರ) ಜೊತೆ ಫಿಕ್ಸ್‌ನ ಹ್ಯಾಶ್ (ಕಮಿಟ್‌ನ ಗುರುತಿನ ಸಂಖ್ಯೆ) ಕೊಡಿ. ಹಳೆಯ ಫೈಲನ್ನು `ಗಿಟ್ ಚೆಕ್‌ಔಟ್` ಮಾಡಿ ಮೇಲೆ ಹಾಕಬೇಡಿ. ರಿಪೋರ್ಟ್‌ನಿಂದ ಬಂದ ಬದಲಾವಣೆಗಳು ಅಳಿಸಿಹೋಗುತ್ತವೆ.

ಪ್ರಶ್ನೆ ಕೇಳಿದವರು

ಎಂ1 ಸಿಕ್ಕಿತು, ಇನ್ನೂ ಎರಡು ಫೈಲುಗಳಲ್ಲಿ ಇದೇ ಆಗಿದೆ. ಧನ್ಯವಾದ. ಆದರೆ ಚೆರಿ-ಪಿಕ್ ಕಾನ್‌ಫ್ಲಿಕ್ಟ್ ಕೊಟ್ಟು, ಹಿಂದಿನ ಪರಿಹಾರ ಬಳಸಿದೆ ಅಂತ ಒಂದು ಸಾಲು ಬರೆದು, ಹಳೆಯ ಲೆಕ್ಕವನ್ನೇ ಮತ್ತೆ ತಂದಿಟ್ಟಿತು!

ಉತ್ತರ 1

ಎಂ1 ಮಾಡಿದ್ದೂ ಅದೇ ಕಂಪ್ಯೂಟರಿನಲ್ಲಿ ಅಂತಾಯಿತು. ಅಲ್ಲಿ ರೀರೀರ್ (ಕಾನ್‌ಫ್ಲಿಕ್ಟ್ ಬಗೆಹರಿಸಿದ ರೀತಿಯನ್ನು ನೆನಪಿಟ್ಟು ಮತ್ತೆ ಬಳಸುವ ಗಿಟ್ ಸೌಲಭ್ಯ) ಚಾಲೂ ಇದೆ, ತಪ್ಪು ಪರಿಹಾರವನ್ನು ನೆನಪಿಟ್ಟುಕೊಂಡಿದೆ. ಆ ನೆನಪು ಆ ಒಂದು ರೆಪೊ ಪ್ರತಿಯಲ್ಲಷ್ಟೇ ಇರುತ್ತದೆ, ಪುಶ್ ಆಗುವುದಿಲ್ಲ. ಕಾನ್‌ಫ್ಲಿಕ್ಟ್ ಇನ್ನೂ ಮುಗಿಯದಿರುವಾಗಲೇ, ಅಂದರೆ `ಗಿಟ್ ಆ್ಯಡ್` ಮಾಡುವ ಮೊದಲು:

`ಗಿಟ್ ರೀರೀರ್ ಫರ್ಗೆಟ್ ಬಿಲ್.ಪೈ`
`ಗಿಟ್ ಚೆಕ್‌ಔಟ್ --ಕಾನ್‌ಫ್ಲಿಕ್ಟ್=ಜೆಡ್‌ಡಿಫ್3 ಬಿಲ್.ಪೈ`

ಎರಡನೆಯದು ಕಾನ್‌ಫ್ಲಿಕ್ಟ್ ಗುರುತುಗಳನ್ನು ವಾಪಸ್ ತರುತ್ತದೆ, ಜೊತೆಗೆ ನಡುವೆ ಮೂಲ ಸಾಲುಗಳನ್ನೂ ತೋರಿಸುತ್ತದೆ. ಮೂಲ ಕಂಡರೆ ಯಾರು ಏನು ಬದಲಿಸಿದರು ಅನ್ನುವುದು ಊಹೆಯಾಗಿ ಉಳಿಯುವುದಿಲ್ಲ. ಇದಕ್ಕೂ 2.35 ಬೇಕು, ಹಳೆಯದಾದರೆ ಡಿಫ್3 ಹಾಕಿ.

ಉತ್ತರ 3

ಅವರ್ಸ್ (ours, ಅಂದರೆ 'ನಮ್ಮದು') ಎಂಬ ಪದ ಮೂರು ಕಡೆ ಮೂರು ಅರ್ಥ ಕೊಡುತ್ತದೆ, ತಂಡಕ್ಕೆ ತಿಳಿಸಿ. `ಚೆಕ್‌ಔಟ್ --ಅವರ್ಸ್` ಇಡೀ ಫೈಲನ್ನು ನಮ್ಮದೇ ಇಡುತ್ತದೆ, ಕಾನ್‌ಫ್ಲಿಕ್ಟ್ ಇಲ್ಲದ ಕಡೆ ಬಂದ ಬದಲಾವಣೆಗಳೂ ಹೋಗುತ್ತವೆ. `ಮರ್ಜ್ -ಎಕ್ಸ್ ಅವರ್ಸ್` (ಎಕ್ಸ್ ದೊಡ್ಡಕ್ಷರ) ಡಿಕ್ಕಿ ಹೊಡೆದ ಸಾಲುಗಳಲ್ಲಿ ಮಾತ್ರ ನಮ್ಮದನ್ನು ಆರಿಸುತ್ತದೆ. `ಮರ್ಜ್ -ಎಸ್ ಅವರ್ಸ್` (ಎಸ್ ಚಿಕ್ಕಕ್ಷರ) ಆ ಕಡೆಯ ಎಲ್ಲ ಬದಲಾವಣೆಗಳನ್ನೂ ಎಸೆಯುತ್ತದೆ. ರೀಬೇಸ್ (ನಿಮ್ಮ ಕಮಿಟ್‌ಗಳನ್ನು ಮೇನ್‌ನ ತುದಿಯ ಮೇಲೆ ಮತ್ತೆ ಹಾಕುವುದು) ಮಾಡುವಾಗ ಕಡೆಗಳೇ ಅದಲುಬದಲು: ಅಲ್ಲಿ ಅವರ್ಸ್ ಅಂದರೆ ಮೇನ್, ನಿಮ್ಮ ಕಮಿಟ್ ದೇರ್ಸ್ (theirs, 'ಅವರದು').