ಟೋಕಿಯೊದಲ್ಲಿ ಟಿಕೆಟ್ ಯಂತ್ರದ ಮುಂದೆ ನಿಂತಾಗ ಯಾವ ಬಟನ್ ಒತ್ತಬೇಕು?

ಕಿಟಕಿ ಸೀಟು:

ಮುಂದಿನ ತಿಂಗಳು ಅಮ್ಮನ ಜೊತೆ ಜಪಾನಿಗೆ ಹೊರಟಿದ್ದೇನೆ. ಆರು ದಿನ ಟೋಕಿಯೊ, ಎರಡು ದಿನ ಕ್ಯೋಟೊ. ರೈಲಿನ ಬಗ್ಗೆ ಭಯ ಇಲ್ಲ, ಟಿಕೆಟ್ ಯಂತ್ರದ ಬಗ್ಗೆ ಇದೆ. ವಿಡಿಯೊಗಳಲ್ಲಿ ನೋಡಿದೆ. ಮೇಲೆ ಗೋಡೆ ತುಂಬ ನಕ್ಷೆ, ಕೆಳಗೆ ಪರದೆಯಲ್ಲಿ ಬರೀ ಅಂಕಿಗಳು. ಸ್ಟೇಷನ್ ಹೆಸರೇ ಕಾಣಲ್ಲ! ಹಿಂದೆ ನಾಲ್ಕು ಜನ ಕ್ಯೂ ನಿಂತರೆ ನನ್ನ ತಲೆ ಓಡುವುದೇ ಇಲ್ಲ.

ಬ್ಯಾಂಕ್ ಕಾರ್ಡ್ ನಡೆಯುತ್ತಾ, ನಗದೇ ಬೇಕಾ? ದುಡ್ಡು ತುಂಬಿಸಿ ಗೇಟಿಗೆ ಮುಟ್ಟಿಸುವ ಆ ಸುಯಿಕಾ ಕಾರ್ಡ್ ಇಬ್ಬರಿಗೂ ಸೇರಿ ಒಂದು ಸಾಕಾ? ನನ್ನದು ಆಂಡ್ರಾಯ್ಡ್ ಫೋನ್.

ಚಿಲ್ಲರೆ ಮೂಟೆ:

ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲದ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ, ಅದರಲ್ಲೇ ಅರ್ಧ ಉತ್ತರ ಇದೆ.

ಉಯೆನೊದಿಂದ ಅಸಾಕುಸಾಗೆ ಹೋಗಬೇಕಿತ್ತು. ಕಣ್ಣಿಗೆ ಬಿದ್ದ ಮೊದಲ ಯಂತ್ರದಲ್ಲಿ ಟಿಕೆಟ್ ತೆಗೆದೆ. ಅದು ಜೆಆರ್ ಅನ್ನುವ ರೈಲು ಕಂಪನಿಯ ಯಂತ್ರ. ನಾನು ಹತ್ತಬೇಕಿದ್ದ ಗಿಂಜಾ ಲೈನ್ ಟೋಕಿಯೊ ಮೆಟ್ರೊ ಅನ್ನುವ ಬೇರೆ ಕಂಪನಿಯದ್ದು. ಟಿಕೆಟನ್ನು ಗೇಟಿನ ಬಾಯಿಗೆ ಇಟ್ಟೆ. ಪಿಂಗ್‌ಪಾಂಗ್ ಅಂತ ಸದ್ದು, ಎರಡು ಪುಟ್ಟ ಬಾಗಿಲು ತೊಡೆಗೆ ಅಡ್ಡ ಬಂದವು. ಹಿಂದೆ ಇದ್ದವರು ಒಂದು ಮಾತೂ ಆಡದೆ ಪಕ್ಕದ ಗೇಟಿಗೆ ಸರಿದರು. ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಹಾಗಾಗಿ ಮೊದಲು ನೋಡಬೇಕಾದದ್ದು ಯಂತ್ರ ಯಾರದು ಅಂತ. ಜೆಆರ್, ಟೋಕಿಯೊ ಮೆಟ್ರೊ, ತೊಎಯ್, ಒಬ್ಬೊಬ್ಬರದು ಒಂದೊಂದು ಲೆಕ್ಕ. ನೀವು ಹತ್ತುವ ಲೈನಿನ ಗೇಟಿನ ಪಕ್ಕ ಇರುವ ಯಂತ್ರದಲ್ಲೇ ತೆಗೆದರೆ ಈ ಗೋಳು ಇಲ್ಲ.

ಇನ್ನು ಆ ಅಂಕಿಗಳು. ಅವೆಲ್ಲ ದರ, ಯೆನ್‌ನಲ್ಲಿ. ಮೇಲಿನ ನಕ್ಷೆಯಲ್ಲಿ ನಿಮ್ಮ ಸ್ಟೇಷನ್ ಪಕ್ಕ ಒಂದು ಸಂಖ್ಯೆ ಇರುತ್ತದೆ, ಪರದೆಯಲ್ಲಿ ಅದನ್ನೇ ಒತ್ತುವುದು, ಅಷ್ಟೆ. ಇಂಗ್ಲಿಷ್ ಬಟನ್ ಇರುತ್ತದೆ. ಜನರ ಚಿತ್ರ ಇರುವ ಬಟನ್ ಒತ್ತಿದರೆ ಇಬ್ಬರ ಟಿಕೆಟ್ ಒಟ್ಟಿಗೆ ಬರುತ್ತದೆ.

ನಕ್ಷೆಯಲ್ಲಿ ಸ್ಟೇಷನ್ ಸಿಗಲೇ ಇಲ್ಲ ಅನ್ನಿ. ಹುಡುಕುತ್ತಾ ನಿಲ್ಲಬೇಡಿ. ಎಲ್ಲಕ್ಕಿಂತ ಕಡಿಮೆ ದರದ ಟಿಕೆಟ್ ತೆಗೆದು ಒಳಗೆ ಹೋಗಿ. ಇದು ನಾನು ಕಲಿತದ್ದರಲ್ಲೇ ಒಳ್ಳೆಯ ಉಪಾಯ. ಇಳಿಯುವ ಸ್ಟೇಷನ್ನಿನಲ್ಲಿ, ಗೇಟಿಗಿಂತ ಮುಂಚೆ, ಬಾಕಿ ಕಟ್ಟುವ ಯಂತ್ರ ಇರುತ್ತದೆ. ‘ಫೇರ್ ಅಡ್ಜಸ್ಟ್‌ಮೆಂಟ್’ ಅಂತ ಇಂಗ್ಲಿಷಿನಲ್ಲೂ ಬರೆದಿರುತ್ತಾರೆ. ಟಿಕೆಟ್ ತೂರಿಸಿದರೆ ಎಷ್ಟು ಕಡಿಮೆ ಬಿತ್ತು ಅಂತ ತೋರಿಸುತ್ತದೆ. ನಾಣ್ಯ ಹಾಕಿದರೆ ಹೊರಗೆ ಹೋಗಲು ಬೇರೆ ಚೀಟಿ ಕೊಡುತ್ತದೆ. ದಂಡ ಗಿಂಡ ಏನೂ ಇಲ್ಲ, ವ್ಯತ್ಯಾಸ ಮಾತ್ರ. ಅಲ್ಲಿಯವರೇ ದಿನಾ ಹೀಗೆ ಮಾಡುತ್ತಾರೆ. ಶಿಂಕಾನ್ಸೆನ್‌ಗೆ, ಅಂದರೆ ಬುಲೆಟ್ ರೈಲಿಗೆ ಮಾತ್ರ ಈ ಆಟ ಬೇಡ, ಅದಕ್ಕೆ ಮೊದಲೇ ಪೂರಾ ಟಿಕೆಟ್ ತೆಗೆಯಿರಿ.

ಟಿಕೆಟ್ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಒಳಗೆ ಹೋಗುವಾಗ ಗೇಟು ಅದನ್ನು ಸರಕ್ಕನೆ ಎಳೆದುಕೊಂಡು ಆಚೆ ತುದಿಯಲ್ಲಿ ಉಗುಳುತ್ತದೆ. ಮರೆಯದೆ ಎತ್ತಿಕೊಳ್ಳಿ. ಇಳಿದು ಹೊರಗೆ ಹೋಗುವಾಗ ನುಂಗಿಬಿಡುತ್ತದೆ, ಕಾಯುತ್ತಾ ನಿಲ್ಲಬೇಡಿ (ನಾನು ನಿಂತಿದ್ದೆ).

ನಗದು ಬೇಕೇ ಬೇಕು. ಸಣ್ಣ ಟಿಕೆಟ್ ಕೊಡುವ ಬಹಳಷ್ಟು ಯಂತ್ರಗಳಿಗೆ ನಿಮ್ಮ ಬ್ಯಾಂಕ್ ಕಾರ್ಡ್ ಲೆಕ್ಕಕ್ಕೇ ಇಲ್ಲ. 10, 50, 100, 500 ಯೆನ್ ನಾಣ್ಯ ನಡೆಯುತ್ತವೆ. 1 ಮತ್ತು 5 ನಡೆಯಲ್ಲ. ಹೀಗಾಗಿ ಅವು ಜೇಬಿನಲ್ಲಿ ರಾಶಿ ಬೀಳುತ್ತವೆ. ನನ್ನ ಹೆಸರು ಹುಟ್ಟಿದ್ದು ಹೀಗೆ.

ಇಷ್ಟೆಲ್ಲ ಹೇಳಿದರೂ ನಿಮಗೆ ನನ್ನ ಸಲಹೆ ಸುಯಿಕಾ. ಜಪಾನಿನ ಹೊರಗೆ ಕೊಂಡ ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಅದು ಕೂರಲ್ಲ, ಐಫೋನಿನಲ್ಲಿ ಕೂರುತ್ತದೆ. ಹಾಗಾಗಿ ನಾರಿಟಾ ಅಥವಾ ಹನೇಡಾ ವಿಮಾನ ನಿಲ್ದಾಣದಲ್ಲಿ ‘ವೆಲ್‌ಕಮ್ ಸುಯಿಕಾ’ ಪ್ಲಾಸ್ಟಿಕ್ ಕಾರ್ಡ್ ತೆಗೆಯಿರಿ. ಠೇವಣಿ ಇಲ್ಲ, 28 ದಿನ ನಡೆಯುತ್ತದೆ, ಉಳಿದ ದುಡ್ಡು ಮಾತ್ರ ವಾಪಸ್ ಬರಲ್ಲ. ತಲೆಗೊಂದು ಬೇಕು. ನೀವು ಒಳಗೆ ಹೋದ ಮೇಲೆ ಅದೇ ಕಾರ್ಡಿನಲ್ಲಿ ಅಮ್ಮ ಬರೋಕೆ ಆಗಲ್ಲ. ಕೈಲಿ ನೋಟು ಇರಲಿ, ದುಡ್ಡು ತುಂಬಿಸುವ ಯಂತ್ರಗಳೂ ಹೆಚ್ಚಾಗಿ ನಗದನ್ನೇ ಕೇಳುತ್ತವೆ. ಒಮ್ಮೆಗೇ ಜಾಸ್ತಿ ತುಂಬಬೇಡಿ. ಅಂದ ಹಾಗೆ ಜಪಾನಿ ಭಾಷೆಯಲ್ಲಿ ಸುಯಿಕಾ ಅಂದರೆ ಕಲ್ಲಂಗಡಿ ಹಣ್ಣು ಕೂಡ. ಅಮ್ಮನಿಗೆ ಹೇಳಿ, ನಗುತ್ತಾರೆ.

ಹಿಂದಿನ ಬಾಗಿಲು:

ಕ್ಯೋಟೊದ ಬಗ್ಗೆ ಎರಡು ಮಾತು. ಅಲ್ಲೂ ಅದೇ ಸುಯಿಕಾ ನಡೆಯುತ್ತದೆ. 2013ರಿಂದ ದೇಶದ ಇಂಥ 10 ಮುಖ್ಯ ಕಾರ್ಡ್‌ಗಳು ಒಂದರ ಜಾಗದಲ್ಲಿ ಇನ್ನೊಂದು ನಡೆಯುತ್ತವೆ.

ಸಿಟಿ ಬಸ್ಸಿಗೆ ಸಾಮಾನ್ಯವಾಗಿ ಹಿಂದಿನ ಬಾಗಿಲಲ್ಲಿ ಹತ್ತಿ ಮುಂದೆ ಇಳಿಯಬೇಕು, ದುಡ್ಡು ಇಳಿಯುವಾಗ. ಡ್ರೈವರ್ ಪಕ್ಕದ ಡಬ್ಬಿಗೆ ಸರಿಯಾಗಿ ಎಣಿಸಿ ಹಾಕಬೇಕು. ಡಬ್ಬಿಯಲ್ಲೇ 1,000 ಯೆನ್ ನೋಟು ಮುರಿಸುವ ಕಿಂಡಿ ಬೇರೆ ಇದೆ. ದೊಡ್ಡ ನೋಟು ಹಿಡಿದು ಹತ್ತಬೇಡಿ. ಬಸ್ ನಿಂತ ಮೇಲೆ ಮುರಿಸಲು ಹೋದರೆ ಬಸ್ಸಿಗೆ ಬಸ್ಸೇ ನಿಮ್ಮನ್ನು ಕಾಯುತ್ತದೆ. ಕೆಂಪು ಸಿಗ್ನಲ್ ಬಿದ್ದಾಗಲೇ ಹೋಗಿ ಮುರಿಸಿಕೊಳ್ಳಿ.

ಹಳೇ ಬರಹಗಳಲ್ಲಿ ಬಸ್ಸಿನ ಒಂದು ದಿನದ ಪಾಸ್ ಕೊಳ್ಳಿ ಅಂತ ಇರುತ್ತದೆ. ಅದರ ಮಾರಾಟ 2023ರಲ್ಲೇ ನಿಂತಿದೆ. ಈಗ ಬಸ್ಸು, ಸುರಂಗ ರೈಲು ಸೇರಿಸಿದ ಪಾಸ್ ಇದೆ.

ಕಿಟಕಿ ಸೀಟು:

ಇಬ್ಬರಿಗೂ ಥ್ಯಾಂಕ್ಸ್. ಕಡಿಮೆ ದರದ ಟಿಕೆಟ್ ಉಪಾಯ ಓದಿ ಅಮ್ಮ ‘ಇದು ಕಳ್ಳತನ ಅಲ್ವಾ?’ ಅಂತ ಎರಡು ಸಲ ಕೇಳಿದರು. ಇನ್ನೊಂದು: ಯಂತ್ರ ದುಡ್ಡು ನುಂಗಿ ಸುಮ್ನೆ ಕೂತರೆ?

ಚಿಲ್ಲರೆ ಮೂಟೆ:

ಕಳ್ಳತನ ಆಗಿದ್ದರೆ ಅವರೇ ಅದಕ್ಕೊಂದು ಯಂತ್ರ ಇಡುತ್ತಿದ್ದರಾ ಅಂತ ಕೇಳಿ.

ತಪ್ಪು ಒತ್ತಿದರೆ ಕ್ಯಾನ್ಸಲ್ ಬಟನ್ ಇದೆ, ದುಡ್ಡು ಹೊರಗೆ ಬೀಳುತ್ತದೆ. ಬೀಳದಿದ್ದರೆ ಸಿಬ್ಬಂದಿಯನ್ನು ಕರೆಯುವ ಬಟನ್ ಒತ್ತಿ, ಆದರೆ ಒತ್ತಿ ಸ್ವಲ್ಪ ಹಿಂದೆ ನಿಲ್ಲಿ. ನಾನು ಒತ್ತಿದಾಗ ಪಕ್ಕದ ಬಾಗಿಲಿಂದ ಯಾರಾದರೂ ಬರುತ್ತಾರೆ ಅಂತ ಆ ಕಡೆ ನೋಡುತ್ತಿದ್ದೆ. ಎರಡು ಯಂತ್ರಗಳ ನಡುವೆ ಗೋಡೆಯಲ್ಲೇ ಒಂದು ಪುಟ್ಟ ಕಿಟಕಿ ತೆರೆಯಿತು. ಟೋಪಿ ಹಾಕಿದ ತಲೆಯೊಂದು ಹೊರಬಂದು, ನನ್ನ ಮೂಗಿನ ಪಕ್ಕದಲ್ಲೇ ನಮಸ್ಕಾರ ಹೇಳಿತು.