ಸಹಾಯ ಬೇಕು: ಕ್ವಿಬೆಕ್ ಸಿಟಿಯಲ್ಲಿ ಮಾಂಸ ಹಾಕದ ಅಲ್ಲಿಯದೇ ಊಟ

ಅಪ್ಪ-ಅಮ್ಮನ್ನ ಕರ್ಕೊಂಡು ಅಕ್ಟೋಬರ್‌ನಲ್ಲಿ ಕೆನಡಾದ ಕ್ವಿಬೆಕ್ ಸಿಟಿಗೆ ಹೋಗ್ತಿದೀವಿ. ಇಬ್ರೂ ಮೊಟ್ಟೆ ತಿಂತಾರೆ, ಮಾಂಸ ಇಲ್ಲ. ಪಿಜ್ಜಾ, ಪಾಸ್ತಾ ಎಲ್ಲಾ ಕಡೆ ಸಿಗುತ್ತೆ, ಅದು ಬೇಡ.

ತೊಡಕು ಏನಂದ್ರೆ, ಅಲ್ಲಿಯ ಹೆಸರಾದ ತಿಂಡಿ ಪುಟೀನ್ ನೋಡೋಕೆ ಬರೀ ಆಲೂಗಡ್ಡೆ, ಚೀಸ್. ಆದ್ರೆ ಮೇಲೆ ಸುರಿಯೋ ಗ್ರೇವಿ ಸಾಮಾನ್ಯವಾಗಿ ಕೋಳಿ ಅಥವಾ ದನದ ಮಾಂಸ ಬೇಯಿಸಿದ ನೀರಿನದು. ಹಳದಿ ಬಟಾಣಿ ಸೂಪಿಗೆ ಹಂದಿ ಮಾಂಸ ಹಾಕ್ತಾರೆ, ಓವನ್‌ನಲ್ಲಿ ಬೇಯಿಸೋ ಬೀನ್ಸ್ ಕಾಳಿಗೂ ಅದೇ. ತೂರ್ತಿಯೇರ್ ಅಂತೂ ಮಾಂಸ ತುಂಬಿದ ಪೈಯೇ ಬಿಡಿ. 'ಸಾನ್ ವಿಯಾಂದ್' (ಫ್ರೆಂಚಲ್ಲಿ 'ಮಾಂಸ ಇಲ್ಲದೆ') ಅಂತ ಕೇಳಿದ್ರೆ ಮಾಂಸದ ತುಂಡು ಮಾತ್ರ ತೆಗೀತಾರೇನೋ ಅನ್ನೋ ಭಯ.

ಹಳೇ ಊರಿನ ಕೋಟೆ ಗೋಡೆಯೊಳಗಿನ ಹೋಟೆಲ್‌ಗಳ ಮೆನು ಆನ್‌ಲೈನಲ್ಲಿ ನೋಡಿದ್ದಾಯ್ತು. ಗ್ರೇವಿ ಯಾವುದರದು ಅಂತ ಬರೆದಿಲ್ಲ, ಮೇಲ್‌ಗೆ ಉತ್ತರವೂ ಇಲ್ಲ. ಮಧ್ಯಾಹ್ನದ 'ತಾಬ್ಲ್ ದೋತ್' ಒಂದೇ ಬೆಲೆಗೆ ಸೂಪಿನಿಂದ ಸಿಹಿವರೆಗೆ ಕೊಡುತ್ತೆ, ರಾತ್ರಿಗಿಂತ ಅಗ್ಗ. ಅದರ ಮೇಲೆ ತೆರಿಗೆ ಸುಮಾರು 15%, ಟಿಪ್ ಬೇರೆ. ಅಷ್ಟು ಕೊಟ್ಟು ಬರೀ ಸಲಾಡ್ ತಿನ್ನೋದು ಬೇಡ.

ಅಲ್ಲಿರೋರು ಹೇಳಿ: ಗೋಡೆಯಾಚೆ ಸಾಂ-ಜಾಂ-ಬಾತಿಸ್ತ್ ಅಥವಾ ಸಾಂ-ರೋಕ್ ಬಡಾವಣೆ ಕಡೆ, ಅಣಬೆ ಇಲ್ಲವೇ ತರಕಾರಿ ಗ್ರೇವಿಯ ಪುಟೀನ್ ಖಚಿತವಾಗಿ ಮಾಡೋ ಜಾಗ ಯಾವುದು? ಗ್ರೇವಿ ಬಗ್ಗೆ ಫ್ರೆಂಚಲ್ಲಿ ಸರಿಯಾಗಿ ಕೇಳೋದು ಹೇಗೆ?