ಮಡಿಕೇರಿ ಹತ್ತಿರ ಕಾಟೇಜ್ ಮಾರಾಟಕ್ಕಿದೆ, ತಗೊಳ್ಳಬಹುದಾ? ಅನುಭವ ಇದ್ದವರು ಹೇಳಿ

ಮೈಸೂರಿನಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ಅಪ್ಪ ಮುಂದಿನ ವರ್ಷ ರಿಟೈರ್ ಆಗುತ್ತಾರೆ. ಮಡಿಕೇರಿಯಿಂದ ಮಕ್ಕಂದೂರು ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕಾಟೇಜ್ ಮಾರಾಟಕ್ಕಿದೆ. 25 ಸೆಂಟ್ಸ್ ಜಾಗ, ಎರಡು ರೂಮು, ಹೆಂಚಿನ ಮಾಡು, ಸುತ್ತ ಕಾಫಿ ಗಿಡ. ಜಗಲಿಯಲ್ಲಿ ನಿಂತರೆ ಇಡೀ ಕಣಿವೆ ಕಾಣುತ್ತದೆ. ಜನವರಿಯಲ್ಲಿ ಹೋಗಿ ನೋಡಿದೆವು. ಅಮ್ಮನಿಗೆ ಅಲ್ಲಿಂದ ಹೊರಡೋಕೇ ಮನಸ್ಸಿರಲಿಲ್ಲ. ದಾಖಲೆ ಎಲ್ಲಾ ಸರಿ ಇದೆ, ನೀವು ಇಲ್ಲದಾಗ ಹೋಂಸ್ಟೇಗೂ ಕೊಡಬಹುದು ಅಂತ ಮಾರುವವರು ಹೇಳುತ್ತಾರೆ. ನಮಗೆ ಕೊಡಗಿನಲ್ಲಿ ಯಾರೂ ಪರಿಚಯ ಇಲ್ಲ. ಏನೇನು ನೋಡಬೇಕು?

ಮಾದಾಪುರದಿಂದ:

ನಾನು ಹುಟ್ಟಿ ಬೆಳೆದದ್ದೇ ಈ ಕಡೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಜಗಲಿಯಿಂದ ಕಣಿವೆ ಕಾಣುತ್ತದೆ ಅಂದಿರಲ್ಲ, ಮೊದಲು ಅದರ ಬೆನ್ನ ಹಿಂದೆ ಹೋಗಿ ನೋಡಿ. ಮನೆ ಹಿಂದೆ ಬರೆ, ಅಂದರೆ ಗುಡ್ಡ ಕಡಿದ ಕಡಿದಾದ ಮಣ್ಣಿನ ಗೋಡೆ, ಎಷ್ಟು ಎತ್ತರ ಇದೆ? ಇಳಿಜಾರಿನಲ್ಲಿ ನೋಟ ಸಿಗಬೇಕು ಅಂದರೆ ಗುಡ್ಡ ಕಡಿದು ಮಟ್ಟ ಮಾಡಬೇಕು. ಕಡಿದ ಮಣ್ಣನ್ನು ಮುಂದಕ್ಕೆ ತಳ್ಳುತ್ತಾರೆ. ಆಮೇಲೆ ಮನೆಯ ಹಿಂದಿನ ಅರ್ಧ ಗಟ್ಟಿ ನೆಲದ ಮೇಲೆ, ಮುಂದಿನ ಅರ್ಧ ತುಂಬಿದ ಮಣ್ಣಿನ ಮೇಲೆ ನಿಲ್ಲುತ್ತದೆ. ನೀವು ನಿಂತು ಫೋಟೋ ತೆಗೆದ ಜಗಲಿ ಈ ತುಂಬಿದ ಮಣ್ಣಿನ ಮೇಲೆಯೇ ಇರಬಹುದು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಆ ಕಡೆ ಜೋಡುಪಾಲ, ಎಲ್ಲಾ ಕಡೆ ಗುಡ್ಡ ಜಾರಿತು. ನಮ್ಮ ಚಿಕ್ಕಪ್ಪನ ಮನೆ ಹಿಂದೆ ರಸ್ತೆಗೆ ಅಂತ ಬರೆ ಕಡಿದು ಎರಡು ವರ್ಷ ಆಗಿತ್ತು. ಮೂರು ದಿನ ಬಿಡದೆ ಮಳೆ. ಮೂರನೇ ದಿನ ಬೆಳಿಗ್ಗೆ ಅಂಗಳದಲ್ಲಿ ಒಂದು ಸಣ್ಣ ಬಿರುಕು ಕಂಡಿತು. ಹಿಂದೆ ಯಾವತ್ತೂ ನೀರಿಲ್ಲದ ಜಾಗದಲ್ಲಿ ಕೆಂಪು ನೀರು ಉಕ್ಕುತ್ತಿತ್ತು. ಚಿಕ್ಕಮ್ಮ ಅದನ್ನು ನೋಡಿದ್ದೇ ಎಲ್ಲರನ್ನೂ ಹೊರಡಿಸಿದರು. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆ ಮಣ್ಣಿನೊಳಗೆ. ಜನ ಉಳಿದರು, ಅಷ್ಟೇ ಸಾಕು. ಆ ವರ್ಷ ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆ, ಜಂಬೂರಿನಲ್ಲಿ ಸರ್ಕಾರ ಮನೆ ಕಟ್ಟಿಸಿ ಕೊಟ್ಟಿತು.

ಹಾಗಾಗಿ ಆ ಕಾಟೇಜ್ ಕಟ್ಟಿದ್ದು 2018ಕ್ಕೆ ಮೊದಲಾ, ಆಮೇಲಾ ಅಂತ ಕೇಳಿ. ಮೊದಲಾದರೆ ಆ ಮಳೆಗೆ ಏನಾಯಿತು ಅಂತ ಪಕ್ಕದ ತೋಟದ ಲೈನ್ ಮನೆಗಳಲ್ಲಿರುವ ಕೆಲಸಗಾರರನ್ನು ವಿಚಾರಿಸಿ. ಅವರಿಗೆ ಗೊತ್ತಿರುತ್ತದೆ, ಮುಚ್ಚಿಡುವ ಅಗತ್ಯವೂ ಅವರಿಗಿಲ್ಲ. ಬರೆಯ ಮೇಲಿನ ಸಿಲ್ವರ್ ಓಕ್ ಮರಗಳು ಬುಡದಲ್ಲಿ ಬಾಗಿ ಮತ್ತೆ ಮೇಲಕ್ಕೆ ಎದ್ದಿದ್ದರೆ ಮಣ್ಣು ನಿಧಾನವಾಗಿ ಜಾರುತ್ತಿರಬಹುದು. ಹಿಂದೆ ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರುವ ತೂತುಗಳಿವೆಯಾ ನೋಡಿ. ತೂತಿಲ್ಲದ ಗೋಡೆ ನೀರನ್ನೆಲ್ಲಾ ಹಿಂದೆ ಹಿಡಿದಿಟ್ಟುಕೊಂಡು ಒಂದು ದಿನ ಒಟ್ಟಿಗೇ ಬೀಳುತ್ತದೆ.

ಇನ್ನೊಂದು ಮಾತು. ನಮ್ಮ ಕಡೆಯ ಹಳೆಯ ಐನ್‌ಮನೆಗಳನ್ನು, ಅಂದರೆ ಕುಟುಂಬದ ಮೂಲ ಮನೆಗಳನ್ನು, ಯಾವಾಗಲಾದರೂ ನೋಡಿ. ಗುಡ್ಡದ ತುದಿಯಲ್ಲಿ ಕಾಣುವುದು ಕಡಿಮೆ. ಕೆಳಗೆ ಗದ್ದೆ, ಹಿಂದೆ ಮರ ತುಂಬಿದ ಬಾಣೆ (ಗದ್ದೆಗೆ ಸೇರಿದ ಎತ್ತರದ ಜಾಗ), ನಡುವೆ ಮನೆ. ಅಲ್ಲಿಂದ ದೊಡ್ಡ ನೋಟ ಸಿಗುವುದಿಲ್ಲ, ಗದ್ದೆ ಮಾತ್ರ ಕಾಣುತ್ತದೆ. ಆದರೆ ಆ ಮನೆಗಳು ನೂರಾರು ಮಳೆಗಾಲ ಕಂಡಿವೆ.

ವಿರಾಜಪೇಟೆಯಿಂದ:

ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ದಾಖಲೆ ವಿಷಯ ಹೇಳುತ್ತೇನೆ, ನಮ್ಮ ಮನೆಯಲ್ಲೇ ಪಟ್ಟ ಪಾಡು.

ಕೊಡಗಿನ ಪಹಣಿ ಮೈಸೂರಿನ ಪಹಣಿ ತರಹ ಅಲ್ಲ. ಜಮ್ಮಾ ಜಾಗ ಅಂದರೆ ರಾಜರ ಕಾಲದಿಂದ ಕುಟುಂಬಕ್ಕೆ ಬಂದದ್ದು. ಗದ್ದೆ, ಅದಕ್ಕೆ ಸೇರಿದ ಬಾಣೆ. ನಮ್ಮ ಪಹಣಿಯಲ್ಲಿ ಇವತ್ತಿಗೂ ತಾತನ ಕಾಲದ ಪಟ್ಟೇದಾರರ (ಕುಟುಂಬದ ಪರವಾಗಿ ದಾಖಲೆಯಲ್ಲಿದ್ದ ಹಿರಿಯರ) ಹೆಸರಿದೆ, ಜೊತೆಗೆ ಕುಟುಂಬದ ಹಲವರ ಹೆಸರು. ನಮ್ಮ ದೊಡ್ಡಪ್ಪ ತಮ್ಮ ಪಾಲಿನ ಅರ್ಧ ಎಕರೆ ಮಾರಲು ಹೊರಟರು. ಅಡ್ವಾನ್ಸೂ ತಗೊಂಡರು. ಕೊನೆಗೆ ಇಬ್ಬರು ಸಹಿ ಹಾಕಲಿಲ್ಲ. ತಗೊಳ್ಳಲು ಬಂದವರು ಒಳ್ಳೆಯ ಜನ, ನಾಲ್ಕು ವರ್ಷ ಅಲೆದು ಹಣ ವಾಪಸ್ ಪಡೆದರು. ಅವರ ಮುಖ ನೋಡಲು ನಮಗೇ ಆಗುತ್ತಿರಲಿಲ್ಲ. ಅದಕ್ಕೆ ಮೊದಲ ಪ್ರಶ್ನೆ: ಪಹಣಿಯಲ್ಲಿ ಯಾರ್ಯಾರ ಹೆಸರಿದೆ? ಮಾರುವವರ ಒಬ್ಬರದ್ದೇನಾ? ಮಾರುವ ಭಾಗವನ್ನು ಅಳೆದು ಗುರುತಿಸುವ 11ಇ ನಕ್ಷೆ ಆಗಿದೆಯಾ?

ಬಾಣೆಯಾದರೆ ಮರಗಳ ಹಕ್ಕು ಯಾರದ್ದು ಅಂತಲೂ ಕೇಳಬೇಕು. ಅನ್‌ರಿಡೀಮ್ಡ್ ಅಂತ ಇದ್ದರೆ, ಅಂದರೆ ಮರಗಳ ಬೆಲೆ ಸರ್ಕಾರಕ್ಕೆ ಕಟ್ಟಿಲ್ಲದಿದ್ದರೆ, ಮರ ಸರ್ಕಾರದ್ದು. ನಾಳೆ ಮನೆ ಮೇಲೆ ವಾಲಿದ ಬೀಟೆ ಮರವನ್ನೂ ಸುಮ್ನೆ ಕಡಿಯುವ ಹಾಗಿಲ್ಲ. ಇನ್ನು ಪೈಸಾರಿ ಅನ್ನುವ ಮಾತು ಕಿವಿಗೆ ಬಿದ್ದರೆ ಅಲ್ಲೇ ನಿಲ್ಲಿಸಿ. ಅದು ಸರ್ಕಾರಿ ಜಾಗ. ಎಷ್ಟು ವರ್ಷದಿಂದ ಅನುಭವಿಸುತ್ತಿದ್ದರೂ ಅದರ ಮೇಲೆ ದುಡ್ಡು ಹಾಕಬೇಡಿ.

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಅದು ನಿಜ. ಆದರೆ ಕೊಳ್ಳುವುದೇ ಬೇರೆ, ಅದರ ಮೇಲೆ ಕಾಟೇಜ್ ಇರುವುದೇ ಬೇರೆ. ಕಟ್ಟಡ ನಿಂತಿರುವಷ್ಟು ಜಾಗಕ್ಕೆ ಭೂಪರಿವರ್ತನೆ ಆದೇಶ ಇದೆಯಾ, ಪಂಚಾಯಿತಿ ಲೈಸೆನ್ಸ್ ಇದೆಯಾ, ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಬರುತ್ತದೆಯಾ ನೋಡಿ. ಅಧಿಕೃತವಲ್ಲದ ಆಸ್ತಿಗೆ ಕೊಡುವ 11ಬಿ ಕೊಟ್ಟು 'ಎರಡೂ ಒಂದೇ' ಅಂತಾರೆ. ಒಂದೇ ಅಲ್ಲ. ಋಣಭಾರ ಪತ್ರ (ಇ.ಸಿ.) ನೀವೇ ತೆಗೆಸಿ, ಅವರು ಕೊಟ್ಟದ್ದನ್ನು ನಂಬಬೇಡಿ. ಮಡಿಕೇರಿಯಲ್ಲೇ ವಕಾಲತ್ತು ಮಾಡುವವರೊಬ್ಬರಿಗೆ ತೋರಿಸಿ. ಹೊರಗಿನ ವಕೀಲರಿಗೆ ಬಾಣೆ, ಜಮ್ಮಾ ಅರ್ಥ ಆಗುವುದು ಕಷ್ಟ.

ಹೋಂಸ್ಟೇ ಬಗ್ಗೆ ಒಂದೇ ಮಾತು: ಮಾಲೀಕರು ಅಲ್ಲೇ ವಾಸ ಇದ್ದು ನಡೆಸುವುದಕ್ಕೆ ಹೋಂಸ್ಟೇ ಅನ್ನುತ್ತಾರೆ. ನೀವು ಇಲ್ಲದಾಗ ಕೊಡುವುದು ಅದಲ್ಲ.

ಬೆಂಗಳೂರಿನಿಂದ:

ನಾವು ಆರು ವರ್ಷದ ಹಿಂದೆ ಸುಂಟಿಕೊಪ್ಪ ಹತ್ತಿರ ಇಂಥದ್ದೇ ಮನೆ ತಗೊಂಡೆವು. ಬೇಸರ ಇಲ್ಲ, ಆದರೆ ಖರ್ಚಿನ ಅಂದಾಜು ತಪ್ಪಿತ್ತು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ. ಊರಿನವರು ಇಂಚಿನಲ್ಲಿ ಲೆಕ್ಕ ಹಾಕುತ್ತಾರೆ, 120 ಇಂಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆ ಮುಚ್ಚಿಟ್ಟರೆ ಹಾಸಿಗೆ, ಬಟ್ಟೆ, ಚಪ್ಪಲಿ ಎಲ್ಲಕ್ಕೂ ಬೂಸಲು. ಹೆಂಚಿನ ಮೇಲೆ ಪಾಚಿ. ಮೊದಲ ವರ್ಷ ಮರ ಬಿದ್ದು ಒಂಬತ್ತು ದಿನ ಕರೆಂಟ್ ಇರಲಿಲ್ಲ. ಮನೆಯಲ್ಲಿ ದಿನಾ ಒಲೆ ಉರಿಯಬೇಕು, ಕಿಟಕಿ ತೆಗೆಯಬೇಕು. ಅದಕ್ಕೆ ನಂಬಿಕೆಯ ಜನ ಬೇಕು. ನಮಗೆ ಒಂದು ದಂಪತಿ ಸಿಕ್ಕಿದ್ದು ಪುಣ್ಯ. ಅವರ ಸಂಬಳವನ್ನು ಮನೆಯ ಬೆಲೆಯ ಜೊತೆಗೇ ಲೆಕ್ಕ ಹಾಕಿ.

ಇಷ್ಟು ಮಳೆ ಬಂದರೂ ಏಪ್ರಿಲ್‌ನಲ್ಲಿ ನಮ್ಮ ಬಾವಿ ತಳ ಕಾಣುತ್ತದೆ. ಜನವರಿಯಲ್ಲಿ ಹರಿಯುವ ಒರತೆ ನೋಡಿ ನೀರಿದೆ ಅಂದುಕೊಳ್ಳಬೇಡಿ.

ಮಡಿಕೇರಿಯಿಂದ:

ಅಪ್ಪ ಅಮ್ಮನಿಗಾಗಿ ಅಂದಿರಲ್ಲ, ಅದಕ್ಕೆ ಕೇಳುತ್ತಿದ್ದೇನೆ. ಮಳೆ ರಾತ್ರಿ ಅಪ್ಪನಿಗೆ ಎದೆನೋವು ಬಂದರೆ ಆ ಮನೆ ಬಾಗಿಲಿಗೆ ಗಾಡಿ ಬರುತ್ತದಾ? ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಅಲ್ಲಿಂದ ಮೈಸೂರಿಗೆ ಕಳಿಸಿದರೆ ಸುಮಾರು 120 ಕಿಲೋಮೀಟರ್. ದಾರಿ ಪಕ್ಕದ ತೋಟದವರದ್ದಾದರೆ, ಓಡಾಡುವ ಹಕ್ಕು ಕ್ರಯಪತ್ರದಲ್ಲಿ ಬರೆದಿರಬೇಕು. ಬಾಯಿಮಾತು ಸಾಲದು.

ಮೈಸೂರಿನಿಂದ, ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಭಾನುವಾರ ಮತ್ತೆ ಹೋಗಿ ಬಂದೆವು. ಮನೆ ಹಿಂದಿನ ಬರೆ 18 ಅಡಿ ಇದೆ, ಟೇಪ್ ಹಿಡಿದು ಅಳೆದೆ. ಗೋಡೆ ಇಲ್ಲ, ಪ್ಲಾಸ್ಟಿಕ್ ಹೊದಿಸಿದ್ದಾರೆ. ಜಗಲಿಯ ಮೂಲೆಯಲ್ಲಿ ಸಿಮೆಂಟ್ ಮೆತ್ತಿದ ಹಳೆಯ ಬಿರುಕು. ಹೋದ ಸಲ ಅಲ್ಲೇ ಕುರ್ಚಿ ಹಾಕಿ ಕಾಫಿ ಕುಡಿದಿದ್ದೆವು, ಕಂಡಿರಲಿಲ್ಲ. ಪಹಣಿಯಲ್ಲಿ ಏಳು ಹೆಸರು. ಅಡ್ವಾನ್ಸ್ ಕೊಡಲಿಲ್ಲ. ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ 'ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡೋಣ್ವಾ?' ಅಂದರು.

ಮಾದಾಪುರದಿಂದ:

ಅಮ್ಮ ಹೇಳಿದ್ದೇ ಸರಿ. ನಮ್ಮ ಪಕ್ಕದ ತೋಟದಲ್ಲಿ ಹಳೆಯ ರೈಟರ್ ಮನೆ (ತೋಟದ ಲೆಕ್ಕ ಬರೆಯುವವರ ಮನೆ) ಖಾಲಿ ಇದೆ. ಗದ್ದೆ ಅಂಚಿನಲ್ಲಿದೆ, ಹಿಂದೆ ಬರೆ ಇಲ್ಲ, ರಸ್ತೆಗೆ ಹತ್ತಿರ. ತೋಟದವರ ಹತ್ತಿರ ನಾನು ಮಾತಾಡುತ್ತೇನೆ. ಜೂನ್ ಮೊದಲ ವಾರ ಬನ್ನಿ, ಆಗಸ್ಟ್ ಮುಗಿಯುವವರೆಗೆ ಇರಿ. ಬರುವಾಗ ಅಪ್ಪನಿಗೆ ಗಮ್ ಬೂಟು ತನ್ನಿ, ಜಿಗಣೆ ಜಾಸ್ತಿ.